ಗಡಿಬೆಟ್ಟಕ್ಕೆ ಮನೆ ನೋಡಲು ಹೋದದ್ದು

ಹೊಲ ನೋಡುವುದಿದ್ದರೆ ಬೇಸಿಗೆಯಲ್ಲಿ ನೋಡಿ, ಬಾವಿಯ ತಳ ಕಾಣುತ್ತದೆ. ಮನೆ ನೋಡುವುದಿದ್ದರೆ ಜೋರು ಮಳೆ ಬಿದ್ದ ಮರುದಿನ ನೋಡಿ, ಯಾವ ಗೋಡೆ ನೀರು ಕುಡಿಯುತ್ತದೆ ಎಂಬುದು ಗೊತ್ತಾಗುತ್ತದೆ. ಗಂಡಿನ ಮನೆ ನೋಡುವುದಿದ್ದರೆ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಹೋಗಿ, ಅಂಗಳದಲ್ಲಿ ಅವರು ಒಬ್ಬರಿಗೊಬ್ಬರು ಯಾವ ದನಿಯಲ್ಲಿ ಮಾತಾಡುತ್ತಾರೆ ಕೇಳಿ. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಇಂಡಿಯ ಬಸ್‌ ನಿಲ್ದಾಣದ ಹೊರಗೆ ಒಂದು ಬುಟ್ಟಿ ಲಿಂಬೆಹಣ್ಣು ಇಟ್ಟುಕೊಂಡು ಕುಳಿತವಳು ನಾನು. ಬುಟ್ಟಿಯಿಂದ ಕೈಗಾಡಿಗೆ, ಕೈಗಾಡಿಯಿಂದ ಲಾರಿಗೆ ಬಂದೆ. ಮೇಲಿನ ಹಣ್ಣು ಎಷ್ಟು ಹಳದಿಯಾಗಿದ್ದರೂ ಕೈ ಹಾಕಿ ತಳದ ಹಣ್ಣು ತೆಗೆದು ನೋಡುವ ಚಾಳಿ ಅಲ್ಲಿಂದಲೇ ಬಂತು. ಅದು ಹಣ್ಣಿಗಷ್ಟೇ ನಿಲ್ಲಲಿಲ್ಲ.

ಮಗಳಿಗೆ ಕೊಲ್ಹಾರದ ಸಂಬಂಧ ಬಂದಾಗ ನಾನೂ ಅಣ್ಣನೂ ಕೂಡಿ ಮನೆ ನೋಡಲು ಹೋದೆವು. ನನ್ನ ಯಜಮಾನರು ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಣ್ಣ ಮುದ್ದೇಬಿಹಾಳದಲ್ಲಿರುತ್ತಾನೆ, ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಹೆಣ್ಣಿನ ಮಾತು ಮುಂದಕ್ಕೆ ಹೋಗುವುದಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಮನೆ ನೋಡಲು ಹೋದವರು ಅಲ್ಲಿ ಸಿಹಿ ಮುಟ್ಟುವಂತಿಲ್ಲ. ನೀರು ಕುಡಿಯಬಹುದು, ಮಜ್ಜಿಗೆ ಕುಡಿಯಬಹುದು. ಸಿಹಿ ತಿಂದರೆ ಹೆಣ್ಣು ಕೊಟ್ಟಂತೆ. ಚಹಾದಲ್ಲಿ ಸಕ್ಕರೆ ಇರುತ್ತದಾದ್ದರಿಂದ ನಮ್ಮ ಮನೆತನದವರು ಚಹಾ ಕೂಡ ಬೇಡ ಅನ್ನುತ್ತೇವೆ.

ಕೊಲ್ಹಾರದ ಮನೆ ಚೆನ್ನಾಗಿತ್ತು. ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಹೊಸದಾಗಿ ಕಟ್ಟಿಕೊಂಡ ಊರು ಅದು. ಓಣಿಗಳು ನೇರ, ಗೋಡೆಗಳು ಗಟ್ಟಿ. ಹುಡುಗನ ತಾಯಿ ಶೇಂಗಾ ಹೋಳಿಗೆಯ ತಾಟು ತಂದಿಟ್ಟರು. ನಾನು ಮಜ್ಜಿಗೆಯ ಲೋಟ ಮಾತ್ರ ಎತ್ತಿಕೊಂಡೆ. ಅವರೂ ತಿಳಿದವರು, ಒತ್ತಾಯ ಮಾಡಲಿಲ್ಲ. ಅಷ್ಟರಲ್ಲಿ ರಜೆಯ ಮೇಲೆ ಬಂದಿದ್ದ ಹುಡುಗ ಬಾಗಿಲಲ್ಲಿ ನಿಂತುಕೊಂಡೇ ಒಂದು ಮಾತು ಹೇಳಿದ.

"ಅವ್ವಾರ, ನೀವು ನೋಡಾಕತ್ತಿದ್ದು ನಮ್ಮಪ್ಪನ ಮನಿ ರೀ. ನಾ ಇರೂದು ಇಲ್ಲಲ್ಲ. ನಿಮ್ಮ ಮಗಳು ಇರೂದೂ ಇಲ್ಲಲ್ಲ. ಮನಿ ನೋಡೂದಿದ್ರ ಅಲ್ಲಿ ಬಂದು ನೋಡ್ರಿ."

ಅವನ ತಾಯಿಯ ಮುಖ ಸಣ್ಣದಾಯಿತು. ಅಣ್ಣ ನಕ್ಕುಬಿಟ್ಟ.

"ಹಳೀ ಮನಿ ನೀರಾಗ ಹಾಕಿದ್ರಿ, ಹೊಸ ಮನಿ ಹಿಮದಾಗ ಮಾಡೀರಿ. ನಿಮ್ಮ ಮನಿತನದಾವ್ರು ನೆಲದ ಮ್ಯಾಲ ಯಾವಾಗ ಇರ್ತೀರೋ ಮಾರಾಯಾ?"

ಹುಡುಗ ಹಿಮ ಅಳೆಯುವ ಕಚೇರಿಯಲ್ಲಿದ್ದ. ಹಿಮಾಚಲದಲ್ಲಿ, ಟಿಬೆಟ್ಟಿನ ಗಡಿಗೆ ಅಂಟಿಕೊಂಡ ಬೆಟ್ಟಸಾಲಿನಲ್ಲಿ. ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು, ಯಾವ ಇಳಿಜಾರು ಜಾರಿ ಬರುವಂತಿದೆ ಎಂದು ನೋಡಿ, ರಸ್ತೆಯವರಿಗೂ ಸೈನ್ಯದವರಿಗೂ ತಿಳಿಸುವ ಕೆಲಸ. ಮದುವೆಯಾದರೆ ಮಗಳು ಸಿಂದಗಿಯ ಹೈಸ್ಕೂಲಿನ ನೌಕರಿ ಬಿಟ್ಟು ಅಲ್ಲಿಗೆ ಹೋಗಬೇಕು. ಅವಳಿಗೆ ಮನಸ್ಸಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಮೊಬೈಲಿನಲ್ಲಿ ಆ ಸಾಲಿನ ನಕ್ಷೆ ತೆಗೆದು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು.

"ಇಲ್ನೋಡ ಅವ್ವ, ಇದು ಹೊಳಿ. ಇದು ಊರು. ಈ ಬಿಳೀದೆಲ್ಲ ವರ್ಷಾನಗಟ್ಟಲೆ ಕರಗೂದಿಲ್ಲಂತ."

"ಅಂಗಡಿ ಎಲ್ಲೈತಿ? ದವಾಖಾನಿ ಎಲ್ಲೈತಿ?"

"ಅದು ಇದರಾಗ ಕಾಣೂದಿಲ್ಲ."

"ಕಾಣೂದಿಲ್ಲ ಅಂದ್ರ ಇಲ್ಲ."

ಅವಳು ಮೊಬೈಲು ಮುಚ್ಚಿ ನನ್ನ ಮುಖ ನೋಡಿದಳು. "ನೀ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹೂಂ. ನೀ ಒಲ್ಲೆ ಅಂದ್ರ ಮತ್ತ ಆ ಮಾತು ತಗಿಯೂದಿಲ್ಲ." ಅವಳ ದನಿಯಲ್ಲಿ ಹಟ ಇದ್ದಿದ್ದರೆ ನಾನು ಸುಲಭವಾಗಿ ಜಗಳವಾಡುತ್ತಿದ್ದೆ. ಹಟ ಇರಲಿಲ್ಲ. ಅವಳ ಬದುಕು ನನ್ನ ಒಂದು ಮಾತಿನ ಮೇಲೆ ನಿಂತಿತು. ಅಂದಿನಿಂದ ನನಗೆ ಒಂದು ಕಡೆ ಕೂರುವುದು ಆಗಲಿಲ್ಲ.

ಹುಡುಗ ಜೂನ್ ತಿಂಗಳಲ್ಲಿ ಬನ್ನಿ ಅಂದ. ರಸ್ತೆ ಚೆನ್ನಾಗಿರುತ್ತದೆ, ಹಸಿರಿರುತ್ತದೆ ಅಂದ. ಚೆನ್ನಾಗಿರುವಾಗ ನೋಡಿ ಏನು ಮಾಡಲಿ? ಹಿಮ ಕರಗಿ, ಕಲ್ಲು ಉರುಳುವ ಕೆಟ್ಟ ಹೊತ್ತು ಯಾವುದು ಎಂದು ಕೇಳಿದೆ. ಅವನು ಏಪ್ರಿಲ್ ಅಂದ. ನಾವು ಏಪ್ರಿಲ್‌ನಲ್ಲೇ ಹೊರಟೆವು. ಇಂಡಿಯಲ್ಲಿ ಆಗ ನೆತ್ತಿ ಸುಡುವ ಬಿಸಿಲು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪುಡಿ, ಒಂದು ಚೀಲ ಲಿಂಬೆಹಣ್ಣು ಕಟ್ಟಿಕೊಂಡೆ.

ಬಯಲುಸೀಮೆಯವರು ಬೆಟ್ಟಕ್ಕೆ ಹೋಗುವುದಿದ್ದರೆ ಒಂದು ಮಾತು ಕೇಳಿ. ಬಸ್ಸಿನಲ್ಲಿ ಹೊಳೆಯ ಕಡೆಯ ಸೀಟು ಹಿಡಿಯಬೇಡಿ, ಬೆಟ್ಟದ ಕಡೆಯದನ್ನು ಹಿಡಿಯಿರಿ. ನಾನು ಗಾಳಿ ಚೆನ್ನಾಗಿ ಬರುತ್ತದೆಂದು ಕಂಡಕ್ಟರನ ಹತ್ತಿರ ಚೌಕಾಸಿ ಮಾಡಿ ಹೊಳೆಯ ಕಡೆಯ ಸೀಟು ಗಿಟ್ಟಿಸಿದ್ದೆ. ಕೆಳಗೆ ಸತಲಜ್ ನದಿ ಒಂದು ಬೂದುಬಣ್ಣದ ಹಗ್ಗದಷ್ಟು ಸಣ್ಣಗೆ ಕಾಣುತ್ತಿತ್ತು, ಚಕ್ರಕ್ಕೂ ಆ ಹಗ್ಗಕ್ಕೂ ನಡುವೆ ಏನೂ ಇರಲಿಲ್ಲ. ಅಣ್ಣ ಮಾತ್ರ ಡ್ರೈವರನ ಬೆನ್ನ ಹಿಂದೆ ಕುಳಿತು ಅವನ ಕೈಕಾಲನ್ನೇ ನೋಡುತ್ತಿದ್ದ.

"ತಂಗಿ, ಇವ ಬ್ರೇಕ್ ಮುಟ್ಟಾವಲ್ಲ. ಬರೇ ಗೇರಿನ ಮ್ಯಾಲ ಇಳಸಾಕತ್ತಾನ. ಭಾರೀ ಮನಶ್ಯಾ."

"ನೀ ಅವನ್ನ ಹೊಗಳಬ್ಯಾಡ. ತಿರುಗಿ ನೋಡ್ಯಾನು."

ಮೇಲೆ ಹೋದ ಹಾಗೆ ಬೆಟ್ಟ ಉಡುಪು ಬದಲಿಸುತ್ತ ಬಂತು. ಕೆಳಗಡೆ ನಮ್ಮಂತೆಯೇ ಕುರುಚಲು, ಬಾಳೆ ಕೂಡ ಕಂಡೆ. ಆಮೇಲೆ ಸೂಜಿಯೆಲೆಯ ಪೈನ್ ಮರಗಳು, ಅದರ ಮೇಲೆ ದೇವದಾರು, ಕತ್ತು ನೋಯುವಷ್ಟು ಎತ್ತರ. ಇಷ್ಟಾದ ಮೇಲೆ ಇನ್ನೂ ಹಸಿರಾಗುತ್ತದೆ ಎಂದುಕೊಂಡರೆ, ಒಂದು ತಿರುವು ದಾಟಿದ್ದೇ ತಡ ಮರಗಳೆಲ್ಲ ಹಿಂದೆ ಉಳಿದವು. ಬರೀ ಕಲ್ಲು, ಮಣ್ಣು, ನಮ್ಮ ಕಡೆಯ ಬೇಸಿಗೆಯ ಹೊಲದಂತೆ ಒಣಕಲು. ಏನಿದು ಎಂದು ಪಕ್ಕದವನನ್ನು ಕೇಳಿದೆ. ನನ್ನ ಹಿಂದಿ ಸೊಲ್ಲಾಪುರದ ದಲ್ಲಾಳಿಗಳಿಂದ ಕಲಿತದ್ದು, ಆದರೂ ಅವನಿಗೆ ತಿಳಿಯಿತು. ಮಳೆಯ ಮೋಡಗಳು ಮುಂದಿನ ಸಾಲಿಗೆ ಬಡಿದು ಅಲ್ಲೇ ಖಾಲಿಯಾಗುತ್ತವಂತೆ, ಹಿಂದಿನ ಈ ಸಾಲಿಗೆ ಏನೂ ಉಳಿಯುವುದಿಲ್ಲವಂತೆ. ಇಲ್ಲಿಯವರು ಹಿಮ ಕರಗಿದ ನೀರಿನಲ್ಲೇ ಬೆಳೆ ತೆಗೆಯಬೇಕಂತೆ. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪಶ್ಚಿಮದ ಘಟ್ಟ ಮಳೆಯನ್ನೆಲ್ಲ ತಾನೇ ಹೀರಿಕೊಂಡು ಇಂಡಿಗೆ ಗಾಳಿ ಕಳಿಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬೆಟ್ಟದ ಬೆನ್ನ ಹಿಂದೆ ಹುಟ್ಟಿದವರ ಪಾಡು ಎಲ್ಲ ಕಡೆಯೂ ಒಂದೇ.

ಹುಡುಗ ರಸ್ತೆಯಲ್ಲೇ ನಿಂತಿದ್ದ. ಬಸ್ಸು ಇಳಿದು ನಾಲ್ಕು ಹೆಜ್ಜೆ ಇಟ್ಟದ್ದೇ ನನಗೆ ಏದುಸಿರು ಬಂತು. ಅವನು ನನ್ನ ಚೀಲ ತೆಗೆದುಕೊಂಡು, "ಸಾವಕಾಶ ರೀ ಅವ್ವಾರ. ಇಲ್ಲಿ ಗಾಳಿ ತೆಳ್ಳಗೈತಿ. ಮೊದಲ ದಿನ ಮಾತೂ ಕಡಿಮಿ ಆಡ್ಬೇಕು" ಅಂದ.

"ಹಂಗಾದ್ರ ನನ್ನ ತಂಗಿಗೆ ಈ ಊರು ಆಗಿಬರೂದಿಲ್ಲ ಬಿಡು," ಅಂದ ಅಣ್ಣ.

ನಮ್ಮನ್ನು ಇರಿಸಿದ್ದು ಊರಿನ ಒಬ್ಬ ಮುದುಕಿಯ ಮನೆಯಲ್ಲಿ. ಬೌದ್ಧರು, ಕಲ್ಲಿನ ಗೋಡೆ, ಮರದ ತೊಲೆ, ನಡುಮನೆಯಲ್ಲಿ ಕಬ್ಬಿಣದ ಒಲೆ. ಚೀಲ ಬಿಚ್ಚಿದರೆ ಚಟ್ನಿಪುಡಿಯ ಪಾಕೀಟುಗಳು ಒಡೆಯುವಂತೆ ಉಬ್ಬಿ ನಿಂತಿದ್ದವು. ಅಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಪೂರಿ ಆಗ್ಯಾವಲ್ಲೊ!" ಅಂದ. ಗಾಳಿ ಹೊರಗೆ ಕಡಿಮೆಯಾದಾಗ ಒಳಗಿನದು ಹಿಗ್ಗುತ್ತದೆ ಎಂದು ಹುಡುಗ ತಿಳಿಸಿ ಹೇಳಿದ. ನನ್ನ ಎದೆಯೊಳಗೂ ಅದೇ ಆಗಿದೆ ಅನ್ನಿಸಿತು.

ಮುದುಕಿ ಚಹಾ ತಂದರು. ಪದ್ಧತಿಯ ನೆನಪಾಗಿ ನಾನು ಕೈ ಅಡ್ಡ ಹಿಡಿದೆ. ಹುಡುಗ ನಮ್ಮ ಕಡೆಯವನೇ, ಅರ್ಥವಾಯಿತು. "ಕುಡೀರಿ ಅವ್ವಾರ. ಇದಕ್ಕ ಸಕ್ಕರಿ ಹಾಕೂದಿಲ್ಲ. ಉಪ್ಪು, ಬೆಣ್ಣಿ." ಕುಡಿದು ನೋಡಿದೆ. ಉಪ್ಪಿನ ಚಹಾ! ಕಟ್ಟಿನ ಸಾರಿನ ಹಾಗೆ ಗಂಟಲಿಗೆ ಇಳಿಯಿತು. ಮನೆ ನೋಡಲು ಬಂದವರಿಗಾಗಿಯೇ ಮಾಡಿದಂತಿತ್ತು. ಮೂರು ಬಟ್ಟಲು ಕುಡಿದೆ, ಯಾವ ಮಾತೂ ಕೊಟ್ಟಂತಾಗಲಿಲ್ಲ.

ಮಾರನೆಯ ದಿನ ಮನೆ ನೋಡುವ ಕಾರ್ಯಕ್ರಮ. ಅವನಿಗೆ ಕಚೇರಿ ಕೊಟ್ಟ ಕ್ವಾರ್ಟರ್ಸ್ ಹೊಳೆಯ ಆಚೆ ದಂಡೆಯಲ್ಲಿತ್ತು. ತಗಡಿನ ಮಾಡು, ಎರಡು ಕೋಣೆ, ಒಳಗೆ ನೀರು, ಕರೆಂಟು. ಒಪ್ಪವಾಗಿ ಇಟ್ಟುಕೊಂಡಿದ್ದ. ಗಂಡಸೊಬ್ಬನೇ ಇರುವ ಮನೆಯಲ್ಲಿ ಪಾತ್ರೆ ತೊಳೆದು ಬೋರಲಾಗಿ ಇಟ್ಟಿದ್ದರೆ ಒಳ್ಳೆಯದು ಎಂದು ತಿಳಿಯಿರಿ, ಇಟ್ಟಿದ್ದ. ನಾನು ಗೋಡೆ ತಟ್ಟಿದೆ, ನಲ್ಲಿ ತಿರುಗಿಸಿದೆ, ಹೊರಗೆ ಬಂದು ಬಿಸಿಲು ಎಲ್ಲಿಂದ ಬರುತ್ತದೆ ಎಂದು ನೋಡಿದೆ. ಬಿಸಿಲು ಬಂದಿರಲೇ ಇಲ್ಲ. ಎದುರಿನ ದಂಡೆಯ ಊರಿನಲ್ಲಿ ಜರದಾಳು, ಅಂದರೆ ಏಪ್ರಿಕಾಟ್ ಗಿಡಗಳು ಹೂಬಿಟ್ಟು ಬಿಸಿಲಲ್ಲಿ ನಿಂತಿದ್ದವು, ಈ ಕಡೆ ಗೋಡೆಯ ಬುಡದಲ್ಲಿ ಇನ್ನೂ ಹಳೆಯ ಹಿಮ, ಮೇಲೆ ಮಸಿ ಕೂತದ್ದು.

"ಇಲ್ಲಿ ಸೂರ್ಯ ಯಾವಾಗ ಬರ್ತಾನ?"

"ಬರೂದೇ ತಡ ರೀ, ಹೋಗೂದೂ ಜಲ್ದಿ. ಚಳಿಗಾಲದಾಗ ಬರೂದ ಇಲ್ಲ. ಬೆಟ್ಟದ ಈ ಮುಖ ಉತ್ತರಕ್ಕ ಐತಿ."

ಆಮೇಲೆ ನಾನು ಕೇಳದಿದ್ದರೂ ಅವನೇ ಕೈಯೆತ್ತಿ ಮನೆಯ ಹಿಂದಿನ ಇಳಿಜಾರು ತೋರಿಸಿದ. ಬಿಸಿಲಿಲ್ಲದ ಈ ಮುಖದಲ್ಲಿ ಹಿಮದ ತೇವ ಆರದೆ ಇಳಿಜಾರಿನ ತುಂಬ ದಟ್ಟ ಕಾಡು, ಅದರ ನಡುವೆ ತಲೆ ಬಾಚಿ ಬೈತಲೆ ತೆಗೆದಂತೆ ಒಂದು ಉದ್ದ ಪಟ್ಟೆ. ಅದರಲ್ಲಿ ದೊಡ್ಡ ಮರ ಒಂದೂ ಇಲ್ಲ. ಅಂಚಿನ ಭೂರ್ಜದ ಗಿಡಗಳು ಬುಡದಲ್ಲಿ ಬಿಲ್ಲಿನಂತೆ ಬಾಗಿ ಆಮೇಲೆ ಮೇಲೆದ್ದಿದ್ದವು.

"ಆ ದಾರೀಲೇ ಹಿಮ ಬರ್ತೈತ್ರಿ. ವರ್ಷಾ ವರ್ಷಾ ಬರೂದಿಲ್ಲ. ಬಂದ್ರ ಮರ ಬಿಡೂದಿಲ್ಲ. ಈ ಮನಿ ಅದರ ಬಾಯಿಗಿಲ್ಲ, ಬಾಜೂಕ ಐತಿ."

"ಬಾಜೂಕ ಅಂದ್ರ?"

"ಇಲ್ಲೀತನಾ ಬಂದಿಲ್ಲ. ಬರೂದ ಇಲ್ಲ ಅಂತ ನಾ ಹೇಳೂದಿಲ್ಲ."

ಎಷ್ಟು ಹೊಲ, ಎಷ್ಟು ಮನೆ ನೋಡಿದ್ದೇನೆ! ಬಾವಿಯ ನೀರು ಸವಳು ಎಂದು ಮಾರುವವನು ತಾನಾಗಿ ಹೇಳಿದ್ದನ್ನು ಕೇಳಿಲ್ಲ. ಡೋಣಿ ಹೊಳೆಯ ದಂಡೆಯಲ್ಲಿ ಒಬ್ಬ ನನಗೆ ಕುಡಿಯಲು ಪಕ್ಕದ ಹೊಲದ ಬಾವಿಯ ನೀರು ತಂದು ಕೊಟ್ಟು ತನ್ನದೆಂದು ಹೇಳಿದ್ದ. ಈ ಹುಡುಗ ಗಿರಾಕಿಯ ಮುಂದೆ ಕೊಳೆತ ಹಣ್ಣನ್ನೇ ಮೇಲಿಟ್ಟಿದ್ದ. ಇದು ಪ್ರಾಮಾಣಿಕತೆಯೋ, ಅಥವಾ ಮದುವೆ ಇವನಿಗೇ ಬೇಡವೋ ಎಂಬ ಹೊಸ ಅನುಮಾನ ಹತ್ತಿಕೊಂಡಿತು. ಅಣ್ಣನಿಗೆ ಪಿಸುಗುಟ್ಟಿದೆ. ಅವನು, "ನಿನಗ ಸುಳ್ಳು ಹೇಳಿದ್ರೂ ತ್ರಾಸ, ಖರೇ ಹೇಳಿದ್ರೂ ತ್ರಾಸ" ಅಂದ.

ಮನೆ ನೋಡಿದ ಮೇಲೆ ನಮ್ಮಲ್ಲಿ ನೆರೆಹೊರೆ ನೋಡುವುದುಂಟು. ಬಾಜೂದವರು ಎಂಥವರು, ಹೊಲದ ಒಡ್ಡಿನ ಜಗಳ ಏನಾದರೂ ಇದೆಯೋ ಎಂದು ವಿಚಾರಿಸದೆ ಯಾರೂ ಹೆಣ್ಣು ಕೊಡುವುದಿಲ್ಲ. ಇಲ್ಲಿ ಬಾಜೂದವರೆಂದರೆ ಬೇರೆ ದೇಶದವರು. ತೋರಿಸು ಅಂದೆ. ಹುಡುಗ ನಗಲಿಲ್ಲ. ಪರವಾನಿಗೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಜೀಪಿನಲ್ಲಿ ಕರೆದೊಯ್ದ. ಗಾಳಿ ಕಿವಿಗೆ ಹೊಡೆಯುತ್ತಿತ್ತು. ಎದುರಿಗೆ ಬಿಳಿಯ ಸಾಲು.

"ಅದ ಏನು ಗಡಿ?"

"ಅಲ್ರಿ, ಅದರ ಹಿಂದಿಂದು."

ಸ್ವಲ್ಪ ಮುಂದೆ ಹೋಗಿ ಹಿಂದಿನದು ಕಂಡಾಗ, "ಇದ?" ಅಂದೆ. "ಅದರ ಹಿಂದ ಇನ್ನೊಂದೈತ್ರಿ." ನಮ್ಮ ಕಡೆ ಹೊಲದ ಮೂಲೆಗೆ ಬಾಂದುಗಲ್ಲು ನೆಟ್ಟಿರುತ್ತಾರೆ, ಎಡವಿದರೆ ಬೆರಳಿಗೆ ತಾಗಿ ಗಡಿ ಗೊತ್ತಾಗುತ್ತದೆ. ಇಲ್ಲಿ ಗಡಿ ಹಿಂದೆ ಹಿಂದೆ ಸರಿಯುತ್ತಲೇ ಇತ್ತು. ಕಲ್ಲಿಲ್ಲದೆ ಯಾವ ಆಧಾರದ ಮೇಲೆ ಗೆರೆ ಹಾಕಿದ್ದಾರೆ ಎಂದು ಕೇಳಿದೆ.

"ನೀರಿನ ಮ್ಯಾಲ ರೀ. ಸಾಲಿನ ನೆತ್ತಿ ಮ್ಯಾಲ ಬಿದ್ದ ಹಿಮ ಕರಗಿ ಈ ಕಡೆ ಹರಿದ್ರ ನಮ್ಮದು, ಆ ಕಡೆ ಹರಿದ್ರ ಅವರದು. ಬಹಳ ಕಡೆ ಹಿಂಗ ಲೆಕ್ಕ."

ಇದನ್ನು ಕೇಳಿ ಅಣ್ಣ ಚುರುಕಾದ. "ತಂಗಿ, ನಮ್ಮಲ್ಲೂ ಐತಿ ಇದು! ಸಿಂದಗಿಯಿಂದ ಬಾಗೇವಾಡಿ ಕಡೆ ಹೋಗುವಾಗ ಕಣ್ಣಿಗೆ ಕಾಣೂದಿಲ್ಲ, ಕಾಲಿಗೆ ಗೊತ್ತಾಗ್ತೈತಿ. ಎಕ್ಸಲೇಟರ್ ಜರಾ ಹೆಚ್ಚಿಗಿ ಬೇಡ್ತೈತಿ ಬಸ್ಸು, ಆಮ್ಯಾಲ ತಾನ ಹಗುರ ಆಗ್ತೈತಿ. ಆಕಡಿ ಬಿದ್ದ ಮಳಿ ಭೀಮಾಕ್ಕ, ಈಕಡಿ ಬಿದ್ದದ್ದು ಡೋಣಿಗೆ. ಸರ್ವೀಸಿನುದ್ದಕ್ಕೂ ದಾಟೀನಿ. ಪಾಸ್ಪೋರ್ಟ್ ಯಾರೂ ಕೇಳಲಿಲ್ಲ."

ನಕ್ಕೆವು. ಆದರೆ ನನಗೆ ಇನ್ನೊಂದು ತಕರಾರು ಹೊಳೆದಿತ್ತು. ನೀರು ಇಬ್ಭಾಗವಾಗುವ ಕಡೆ ಗಡಿ ಎಂದಾದರೆ, ಈ ಸತಲಜ್ ಎಲ್ಲಿಂದ ಬಂತು? ಅದು ಆಚೆಯಿಂದಲೇ ಬರುತ್ತದಲ್ಲ? ಹುಡುಗ ನನ್ನ ಕಡೆ ತಿರುಗಿ ನಿಂತ. "ಹೌದ್ರಿ. ಇದು ಬೆಟ್ಟಕ್ಕಿಂತ ಹಳೀ ಹೊಳಿ ಅಂತಾರ. ಬೆಟ್ಟ ಸಾವಕಾಶ ಏಳಾಕತ್ತಂಗ ಇದು ಕೊರಕೋತ ತನ್ನ ದಾರಿ ಉಳಿಸಿಕೊಂತು. ಅದಕ್ಕ ಇಷ್ಟು ಆಳ. ಬೆಟ್ಟ ಇನ್ನೂ ಏಳಾಕತ್ತೈತ್ರಿ." ಮೇಲಿನವರು ನೀರು ಬಿಟ್ಟರೆ ಏನಾಗುತ್ತದೆಂದು ಕೃಷ್ಣೆಯ ದಂಡೆಯ ಅವನಿಗೂ ಹೇಳಿಕೊಡಬೇಕಾಗಿರಲಿಲ್ಲ, ಭೀಮೆಯ ದಂಡೆಯ ನನಗೂ ಇರಲಿಲ್ಲ. ಇಬ್ಬರೂ ಹೊಳೆ ನೋಡಿದೆವು. ಬೆಟ್ಟ ಏಳುತ್ತಿದೆ, ಹೊಳೆ ಕೊರೆಯುತ್ತಿದೆ, ಹಿಮ ಜಾರುತ್ತಿದೆ, ಕಲ್ಲು ಉರುಳುತ್ತಿದೆ. ಕೂಸಿನಂತಹ ಮಗಳನ್ನು ಕೂರಿಸಲು ಒಂದು ನೆಟ್ಟಗೆ ನಿಂತ ಜಾಗ ಇಲ್ಲವಲ್ಲ ಈ ಸೀಮೆಯಲ್ಲಿ ಅನ್ನಿಸಿತು.

ಬೆಳಿಗ್ಗೆ ಎದ್ದು ಒಲ್ಲೆ ಎಂದು ಹೇಳಿ ಮೊದಲ ಬಸ್ಸಿಗೆ ಹೊರಡುವುದೆಂದು ನಾನು ಒಳಗೊಳಗೇ ನಿಶ್ಚಯ ಮಾಡಿದ್ದೆ. ಬೆಳಗಾದರೆ ರಸ್ತೆ ಬಂದ್. ಕೆಳಗೆಲ್ಲೋ ಬೆಟ್ಟ ಕುಸಿದು ಬಿದ್ದಿತ್ತು. ಯಾವಾಗ ತೆರೆಯುತ್ತದೆಂದು ಕೇಳಿದರೆ ಅಲ್ಲಿಯವರು ಆಕಾಶ ನೋಡುತ್ತಾರೆ, ಹೆಗಲು ಕುಣಿಸುತ್ತಾರೆ. ಜೆಸಿಬಿಯವನ ಹತ್ತಿರ ಹೋಗಿ ಚೌಕಾಸಿ ಮಾಡುವಂತಿಲ್ಲ, ಬೆಟ್ಟದ ಹತ್ತಿರವಂತೂ ಆಗುವುದೇ ಇಲ್ಲ. ಹುಡುಗ ಅಂದು ಬೆಳಗಿನ ಜಾವವೇ ಹಿಮ ನೋಡಲು ಮೇಲೆ ಹೋಗಿದ್ದ; ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಮುದುಕಿಯ ಹತ್ತಿರ ಹೇಳಿ ಹೋಗಿದ್ದನಂತೆ.

ಮಧ್ಯಾಹ್ನವಾಯಿತು. ಬರಲಿಲ್ಲ. ಅನ್ನ ಕುಕ್ಕರಿನಲ್ಲಿ ಆರಿತು. ಅಣ್ಣ ಊಟ ಮಾಡಿ ಕಂಬಳಿ ಹೊದ್ದು ಮಲಗಿದ. ನಾನು ಹೊರಗೆ ಹೋಗಿ ರಸ್ತೆಯ ತಿರುವಿನಲ್ಲಿ ನಿಂತೆ. ಮೇಲೆ ಎಲ್ಲೋ ಗುಡುಗಿನಂತಹ ಸದ್ದು, ಆಮೇಲೆ ಮೌನ. ಮತ್ತೆ ಒಳಗೆ ಬಂದೆ. ಮತ್ತೆ ಹೊರಗೆ ಹೋದೆ.

ನಮ್ಮ ಎರೆ ಭೂಮಿಯಲ್ಲಿ ಕಾಯುವುದು ಬೇರೆ ತರಹ. ಬಸ್ಸು ಇನ್ನೂ ಎರಡು ಊರು ದೂರ ಇರುವಾಗಲೇ ಅದರ ಧೂಳು ಕಾಣುತ್ತದೆ. ಬರುವವರು ಮೋಟರ್‌ಸೈಕಲ್ಲಿನಲ್ಲೋ ನಡೆದುಕೊಂಡೋ ಎಂಬುದು ಧೂಳಿನ ಗಾತ್ರದಲ್ಲೇ ತಿಳಿಯುತ್ತದೆ; ಅವರು ಬಾಗಿಲಿಗೆ ಬರುವ ಹೊತ್ತಿಗೆ ನಾವು ಮುಖ ತೊಳೆದು, ಮಾತು ಜೋಡಿಸಿಕೊಂಡಿರುತ್ತೇವೆ. ನನ್ನ ವ್ಯಾಪಾರ ನಡೆದದ್ದೇ ಆ ದೂರದ ಕಣ್ಣಿನಿಂದ. ಇಲ್ಲಿ ಕಣ್ಣು ಎದುರಿನ ಕಲ್ಲಿಗೆ ಬಡಿದು ವಾಪಸು ಬರುತ್ತದೆ. ಬರುವವರು ತಿರುವಿನಲ್ಲಿ ಒಮ್ಮೆಗೇ ಕಾಣಬೇಕು, ಇಲ್ಲವಾದರೆ ಇಲ್ಲ. ನನ್ನ ಮಗಳು ಇದೇ ತಿರುವಿನಲ್ಲಿ ಹೀಗೇ ನಿಲ್ಲಬೇಕಾಗುತ್ತದೆ. ಅವಳ ವಯಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ. ಆಗ ನಾನು ಇಂಡಿಯಲ್ಲಿ ಹಣ್ಣು ಆರಿಸುತ್ತಿರುತ್ತೇನೆ.

ಮುದುಕಿ ಬಂದು ನನ್ನ ಮೊಣಕೈ ಹಿಡಿದು ಒಳಗೆ ಕರೆದೊಯ್ದರು. "ಬೈಠೋ, ಬೈಠೋ." ಒಂದು ಮೊರದ ತುಂಬ ಒಣಗಿದ ಜರದಾಳು ಬೀಜ ಸುರಿದು, ಒಡೆಯಲು ಕಲ್ಲು ಕೊಟ್ಟರು. ಇಲ್ಲಿ ಯಾರೂ ತಿರುವಿನಲ್ಲಿ ನಿಂತು ಕಾಯುವುದಿಲ್ಲ, ನಿಂತರೆ ಹೊತ್ತು ಹೋಗುವುದಿಲ್ಲ ಎಂದು ಮುರಿದ ಹಿಂದಿಯಲ್ಲಿ ಹೇಳಿದರು. ಅವರ ಯಜಮಾನರು ಕುರಿ ಕಾಯಲು ಮೇಲೆ ಹೋದಾಗಲೆಲ್ಲ ಅವರು ಬೀಜ ಒಡೆದಿದ್ದಾರಂತೆ. ಎಲ್ಲ ಸಲವೂ ವಾಪಸು ಬಂದರೇ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು, ಕೇಳಲಿಲ್ಲ. ಬೀಜ ಒಡೆದೆ. ನೆಟ್ಟಗಿನದು ಒಂದು ಕಡೆ, ಮುರಿದದ್ದು ಒಂದು ಕಡೆ, ಹುಳ ಹಿಡಿದದ್ದು ಇನ್ನೊಂದು ಕಡೆ. ಕೈಗೆ ಗೊತ್ತಿದ್ದ ಕೆಲಸ. ಕಿವಿ ಮಾತ್ರ ಹೊರಗೇ ಇತ್ತು.

ಬಿಸಿಲು ನಮ್ಮ ದಂಡೆಯನ್ನೂ ಬಿಟ್ಟು ಮೇಲೆ ಏರಿದ ಮೇಲೆ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಹುಡುಗ. ಮೊಣಕಾಲಿನವರೆಗೆ ಕೆಸರು, ಮುಖ ಕೆಂಪಾಗಿತ್ತು. ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು.

"ಊಟಕ್ಕ ಬರ್ತೇನಿ ಅಂದಾವ ಯಾವಾಗ ಬಂದಿ? ಇಲ್ಲಿ ಮಂದಿ ಅದಾರ ಅಂತ ಗೊತ್ತೈತಿಲ್ಲೋ?"

"ತಪ್ಪಾತ್ರಿ ಅವ್ವಾರ. ಸುತ್ತು ಹಾಕ್ಕೊಂಡು ಬಂದೆ."

"ಹತ್ರದ ದಾರಿ ಇತ್ತಲ್ಲ, ಆ ಮರ ಇಲ್ಲದ ಪಟ್ಟಿ ದಾಟಿದ್ರ ಮನಿ. ನಿನ್ನೆ ನೀನ ತೋರಿಸಿದಿ."

"ಮುಂಜಾನೆ ಹೋಗುವಾಗ ಅದನ್ನ ದಾಟೇ ಹೋದೆ ರೀ. ಆಗ ಹಿಮ ಕಲ್ಲಿನಂಗ ಗಟ್ಟಿ ಇರ್ತೈತಿ. ಬಿಸಿಲು ಬಿದ್ದ ಮ್ಯಾಲ ಒಳಗ ನೀರಾಗಿ ಸಡಿಲ ಆಗ್ತೈತಿ. ಇವತ್ತು ಜಲ್ದಿ ಸಡಿಲ ಆತು. ಮ್ಯಾಲಿಂದ ನಿಮ್ಮನ್ನೂ ನೋಡಿದೆ, ತಿರುವಿನಾಗ ನಿಂತಿದ್ರಿ, ಹಸರು ಸೀರಿ. ಒದರಿದ್ರ ಕೇಳೂದಿಲ್ಲ. ಕಾಯಾಕತ್ತಾರ ಅಂತ ಗೊತ್ತಿತ್ರಿ. ಆದ್ರ ದಾಟಲಿಲ್ಲ."

"ನಾ ಸಿಟ್ಟಾಗಿ ಒಲ್ಲೆ ಅಂತ ಎದ್ದು ಹೋಗಿದ್ರ?"

ಅವನು ಬೂಟಿನ ಲಾಡಿ ಬಿಚ್ಚತೊಡಗಿದ. "ಹೋಗಿದ್ರ ಹೋಗ್ತಿದ್ರಿ," ಅಂದ. "ಆದ್ರೂ ದಾಟತಿರಲಿಲ್ಲ."

ಅಣ್ಣ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದ. ಅವನು ಡ್ರೈವರ್. ತುಂಬಿದ ಹಳ್ಳದ ಮುಂದೆ ಬಸ್ಸು ನಿಲ್ಲಿಸಿ, ಒಳಗಿನ ಮಂದಿಯ ಬೈಗುಳ ಕೇಳುತ್ತ ನೀರು ಇಳಿಯುವವರೆಗೆ ಕುಳಿತವನು. ನನ್ನನ್ನು ನೋಡಿ ಹುಬ್ಬು ಏರಿಸಿದ.

ಮುದುಕಿ ಉಪ್ಪಿನ ಚಹಾ ಬಟ್ಟಲಿಗೆ ಹಾಕುತ್ತಿದ್ದರು. ನಾನು ಸಕ್ಕರೆ ಇದೆಯೇ ಎಂದು ಕೇಳಿದೆ. ತೀರಿದೆ, ರಸ್ತೆ ತೆರೆದರೆ ಬರುತ್ತದೆ ಅಂದರು. ಹುಡುಗನ ಕೈ ಲಾಡಿಯ ಮೇಲೆ ಹಾಗೇ ನಿಂತಿತು. ಅಣ್ಣ ಎದ್ದೇ ಕುಳಿತ.

"ಸಕ್ಕರಿ ಇಲ್ಲದ ಊರಾಗ ಸಕ್ಕರಿ ಕೇಳಾಕತ್ತಾಳ ನೋಡು. ಇವಳು ಚೌಕಾಸಿ ಬಿಡಾಕಿ ಅಲ್ಲ. ಏನರ ಕರಾರು ಇರ್ಬೇಕು."

ಇತ್ತು. "ಆ ಆಚೆ ದಂಡಿ ಮನಿ ಬ್ಯಾಡ. ಈ ಬಿಸಿಲಿನ ದಂಡಿ ಮ್ಯಾಲ, ಊರಾಗ, ಇವರ ಓಣ್ಯಾಗ ಮನಿ ಹಿಡಿಬೇಕು."

"ಹಿಡಿತೇನ್ರಿ. ಆದ್ರ ನಲ್ಲಿ ಇಲ್ರಿ ಈ ಕಡೆ. ನೀರು ಹೊತ್ತು ತರ್ಬೇಕು."

"ನೀ ತರ್ಬೇಕು."

"ನಾ ತರ್ತೇನ್ರಿ."

"ಚಳಿಗಾಲದಾಗ ಆಕಿ ಇಂಡಿಗೆ ಬರ್ಬೇಕು."

ಇಲ್ಲಿ ಅವನು ಒಪ್ಪಲಿಲ್ಲ. "ಅದನ್ನ ಆಕೀನ್ನ ಕೇಳ್ರಿ ಅವ್ವಾರ. ನಾ ಹೂಂ ಅಂದ್ರ ನಾಳೆ ಆಕಿ ನನ್ನ ಬೈತಾಳ." ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವರು ಎಲ್ಲಿ ಬಿಟ್ಟುಕೊಡುವುದಿಲ್ಲವೋ ಅಲ್ಲೇ ಅವರ ನಿಜವಾದ ಬೆಲೆ ಇರುತ್ತದೆಂದು ಕಂಡುಕೊಂಡಿದ್ದೇನೆ. ನಾನು ಮತ್ತೆ ಎಳೆದಾಡಲಿಲ್ಲ. ಮೊರದ ಪಕ್ಕದ ಡಬ್ಬಿಯಲ್ಲಿ ಒಣ ಜರದಾಳು ಹಣ್ಣಿತ್ತು. ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಚರ್ಮದಂತೆ ಗಟ್ಟಿ, ಅಗಿಯುತ್ತ ಅಗಿಯುತ್ತ ಹುಳಿ ಹೋಗಿ ಸಿಹಿ ಬಂತು.

ಫೋನು ಸಿಗುವುದು ಆ ಮನೆಯ ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಏಣಿ ಹತ್ತಿ, ಉಸಿರು ತೆಗೆದುಕೊಂಡು ಮಗಳಿಗೆ ಹಚ್ಚಿದೆ.

"ಮನಿ ಹೆಂಗೈತೆವ್ವ?"

"ಮನಿ ಇನ್ನೂ ಹಿಡಿಬೇಕು. ಸೂರ್ಯ ಜಲ್ದಿ ಮುಳುಗ್ತಾನ. ಅನ್ನ ಕುಕ್ಕರ್ ಇಲ್ದ ಬೇಯೂದಿಲ್ಲ. ಏರು ಹತ್ತುವಾಗ ಮಾತಾಡಬಾರದು. ಹಿಮ ಜಾರೂ ದಾರಿ ಎಲ್ಲೈತಿ ಅಂತ ಅವ ತೋರಸ್ತಾನ, ನೀ ಮರೀಬಾರದು. ಮತ್ತ ತಿರುವಿನಾಗ ನಿಂತು ಕಾಯೂದು ಬ್ಯಾಡ. ಬೀಜ ಒಡಿ."

"ಏನ್ ಬೀಜ? ಅವ್ವ, ಹೂಂ ಅಂದ್ಯೋ ಇಲ್ಲೋ?"

"ಜರದಾಳು ತಿಂದೆ."

ಸಿಗ್ನಲ್ ಹೋಯಿತೇನೋ ಎಂದು ಫೋನು ಎತ್ತಿ ಆಡಿಸಿದೆ. ಆಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿತು. "ಜರದಾಳು ಸಿಹಿ ಇರ್ತಾವೇನು?" ಅಂದಳು.

"ಮೊದಲ ಹುಳಿ," ಅಂದೆ.

ರಸ್ತೆ ತೆರೆದ ದಿನ ಹುಡುಗ ನಮ್ಮನ್ನು ಬಸ್ಸಿಗೆ ಹತ್ತಿಸಿ ಕೆಳಗೆ ನಿಂತ. ಈ ಸಲ ನಾನು ಬೆಟ್ಟದ ಕಡೆಯ ಸೀಟಿನಲ್ಲೇ ಕುಳಿತಿದ್ದೆ. ಬಸ್ಸು ಹೊರಟಾಗ ಒಂದು ಮಾತು ಹೇಳುವುದು ಉಳಿದಿದೆ ಅನ್ನಿಸಿತು, ನೀರಿನ ಕೊಡದ ವಿಷಯವೋ, ಚಳಿಗಾಲದ್ದೋ, ಇನ್ನೇನೋ. ತಿರುಗಿ ನೋಡಿದೆ. ಒಂದೇ ತಿರುವು, ಊರು, ಹೂಬಿಟ್ಟ ಗಿಡಗಳು, ಅವನು, ಎಲ್ಲ ಕಲ್ಲಿನ ಹಿಂದೆ ಹೋಗಿದ್ದವು. ಎದ್ದು ಹೋಗಿ ಡ್ರೈವರನಿಗೆ ಜರಾ ನಿಲ್ಲಿಸಲು ಹೇಳಿದೆ. ಅವನು ಮೇಲಿನ ಬಂಡೆಗಳತ್ತ ಗದ್ದ ಎತ್ತಿ ತೋರಿಸಿ ತಲೆಯಾಡಿಸಿದ.

"ಇಲ್ಲಿ ನಿಲ್ಲಿಸಂಗಿಲ್ಲ ತಂಗಿ," ಅಂದ ಅಣ್ಣ ಹಿಂದಿನಿಂದ. "ಕುಂದರು."

ನಾನು ಕಂಬಿ ಹಿಡಿದುಕೊಂಡು ನಿಂತೇ ಇದ್ದೆ.